ರಸ್ತೆ ಬದಿಯ ವೀರಗಲ್ಲಿಗೆ ಫಲಕ ಹಾಕಬೇಕು: ಏನು ಬರೆಯೋಣ?

ಕೆರೆಕೋಡಿ

ನಮಸ್ಕಾರ ಎಲ್ಲರಿಗೂ. ನಮ್ಮೂರು ಶಿಕಾರಿಪುರ ತಾಲ್ಲೂಕಿನಲ್ಲಿದೆ. ಊರಿಗೆ ಬರುವ ರಸ್ತೆಯ ಎಡಗಡೆ, ಕೆರೆ ಏರಿ ಶುರುವಾಗುವ ಕಡೆ ಮೂರು ಕಲ್ಲುಗಳಿವೆ. ಎರಡು ವೀರಗಲ್ಲು, ಅಂದರೆ ಕಾದಾಡಿ ಸತ್ತವರ ನೆನಪಿನ ಕಲ್ಲು. ಒಂದು ಮಾಸ್ತಿಗಲ್ಲು, ಸತಿ ಹೋದ ಹೆಂಗಸಿನ ನೆನಪಿನದು. ದೊಡ್ಡ ವೀರಗಲ್ಲಿನಲ್ಲಿ ಚಿತ್ರದ ಪಟ್ಟಿಗಳ ನಡುವೆ ಅಕ್ಷರಗಳಿವೆ, ತುಂಬಾ ಸವೆದಿವೆ. ಊರವರು ಅದನ್ನು ವೀರಪ್ಪ ಅಂತ ಕರೆಯುತ್ತಾರೆ. ದೀಪಾವಳಿ ದಿನ ದನಗಳನ್ನು ಅದರ ಮುಂದೆ ಹಾಯಿಸುತ್ತಾರೆ. ಎಣ್ಣೆ ಹಚ್ಚಿ ಹೂ ಇಡುತ್ತಾರೆ.

ಈಗ ರಸ್ತೆ ಅಗಲ ಮಾಡುತ್ತಿದ್ದಾರೆ. ಅಳತೆಗೆ ಬಂದವರು ಕಲ್ಲಿನ ಮೇಲೇ ಕೆಂಪು ಬಣ್ಣದಲ್ಲಿ ಬಾಣ ಎಳೆದು ಹೋಗಿದ್ದಾರೆ. ನೋಡಿ ಹೊಟ್ಟೆ ಉರಿಯಿತು. ಅದು ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ಅಲ್ಲಿ ಏನೂ ಬರೆದಿರಲೂ ಇಲ್ಲ.

ಊರಲ್ಲಿ ಎರಡು ಮಾತಿದೆ. ಈಶ್ವರ ಗುಡಿ ಅಂಗಳಕ್ಕೆ ಒಯ್ದು ನಿಲ್ಲಿಸೋಣ ಅನ್ನುವವರು ಕೆಲವರು. ಇದ್ದಲ್ಲೇ ಇರಲಿ, ಚರಂಡಿ ಬೇಕಾದರೆ ಆ ಕಡೆ ಹೋಗಲಿ ಅನ್ನುವವರು ಕೆಲವರು. ಏನೇ ಆಗಲಿ, ಒಂದು ಫಲಕ ಹಾಕಲೇಬೇಕು ಅಂತ ನಾವು ಹುಡುಗರು ತೀರ್ಮಾನ ಮಾಡಿದ್ದೇವೆ. ಏನು ಬರೆಯಬೇಕು? ಯಾರನ್ನು ಕೇಳಬೇಕು? ತಿಳಿದವರು ಹೇಳಿ.

ಶಾಸನದ ಹುಚ್ಚು

ಫಲಕಕ್ಕೆ ಮುಂಚೆ ಒಂದು ಕೆಲಸ ಇದೆ. ನಿಮ್ಮ ಕಲ್ಲನ್ನು ಈಗಾಗಲೇ ಯಾರಾದರೂ ಓದಿದ್ದಾರಾ ನೋಡಿ. ಬಿ. ಎಲ್. ರೈಸ್ ಹಳೇ ಮೈಸೂರು ಸೀಮೆಯ ಸುಮಾರು 9,000 ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದಾರೆ. ಶಿಕಾರಿಪುರ ತಾಲ್ಲೂಕಿನವು 7ನೇ ಸಂಪುಟದಲ್ಲಿವೆ. ತಾಲ್ಲೂಕಿನ ಹೆಸರು, ಪಕ್ಕದಲ್ಲಿ ಒಂದು ನಂಬರು, ಇದೇ ಅದರ ಕ್ರಮ. ನಿಮ್ಮ ತಾಲ್ಲೂಕಿನದೇ ಆದ ತಾಳಗುಂದದ ಸ್ತಂಭ ಶಾಸನ, ಮಯೂರಶರ್ಮನ ಕಥೆ ಹೇಳುತ್ತಲ್ಲ, ಅದು ಶಿಕಾರಿಪುರ 176.

ಪ್ರತಿ ಶಾಸನದ ತಲೆಯ ಮೇಲೆ ಕಲ್ಲು ಎಲ್ಲಿ ಸಿಕ್ಕಿತು ಅಂತ ಒಂದು ಸಾಲು ಇರುತ್ತದೆ. ಕೆರೆ ಏರಿಯ ಹತ್ತಿರ, ಇಂಥ ಗುಡಿಯ ಮುಂದೆ, ಇಂಥವರ ಹೊಲದಲ್ಲಿ ಅಂತ. ನೂರಕ್ಕೂ ಜಾಸ್ತಿ ವರ್ಷ ಆದರೂ ಆ ಒಂದು ಸಾಲು ಹಿಡಿದುಕೊಂಡು ಕಲ್ಲನ್ನು ಹುಡುಕಬಹುದು. ಕಲ್ಲನ್ನು ಎತ್ತಿ ಬೇರೆ ಕಡೆ ಇಟ್ಟರೆ ಆ ಸಾಲಿಗೆ ಅರ್ಥವೇ ಇರಲ್ಲ. ಅದಕ್ಕೇ ನಾನು ಇದ್ದಲ್ಲೇ ಇರಲಿ ಅನ್ನುವವರ ಕಡೆ.

ಅಕ್ಷರ ಸವೆದಿದ್ದರೂ ಚಿತ್ರ ಮಾತಾಡುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ. ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಅವನು ಕೈ ಮುಗಿದು ಕೂತಿರುತ್ತಾನೆ, ಪೂಜಾರಿ ಇರುತ್ತಾನೆ, ಬಸವ ಇರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ. ಜೈನ ವೀರನಾದರೆ ಮೇಲೆ ಲಿಂಗದ ಬದಲು ಜಿನ. ಮುಖ್ಯವಾದದ್ದು ಕೆಳಗಿನ ಪಟ್ಟಿ. ಅಲ್ಲಿ ದನಗಳಿದ್ದರೆ ಅದು ತುರುಗಾಳಗ, ಅಂದರೆ ದನಗಳಿಗಾಗಿ ನಡೆದ ಕಾಳಗ. ಹಂದಿ ಅಥವಾ ಹುಲಿ ಇದ್ದರೆ ಬೇಟೆ. ಆನೆ ಕುದುರೆ ಜಾಸ್ತಿ ಇದ್ದರೆ ದೊಡ್ಡ ಯುದ್ಧ. ನಿಮ್ಮ ಕಲ್ಲಿನಲ್ಲಿ ಏನಿದೆ?

ಕೆರೆಕೋಡಿ

ದನಗಳಿವೆ! ಎಡಗಡೆ ಮೂಲೆಯಲ್ಲಿ ಮೂರು ದನದ ತಲೆ ಸಾಲಾಗಿ ಕಾಣುತ್ತವೆ. ನಡುವೆ ಬಿಲ್ಲು ಹಿಡಿದವನು ಒಬ್ಬ. ಅವನ ಎದುರು ಮೂರು ನಾಲ್ಕು ಜನ. ಕೆಳಗಿನ ಅರ್ಧ ಮಣ್ಣಿನೊಳಗಿದೆ.

ಶಾಸನದ ಹುಚ್ಚು

ಹಾಗಾದರೆ ದೀಪಾವಳಿಗೆ ದನಗಳನ್ನು ಅಲ್ಲಿ ಹಾಯಿಸುವುದು ಸುಮ್ನೆ ಬಂದದ್ದಲ್ಲ ಅನ್ನಿಸುತ್ತದೆ. ಅಕ್ಷರ ಓದಲು ಯಾರಿಗೂ ಬರದಿದ್ದ ಕಾಲದಲ್ಲೂ ಊರು ಆ ಕಲ್ಲಿಗೂ ದನಕ್ಕೂ ಇರುವ ನಂಟನ್ನು ಬಿಟ್ಟಿಲ್ಲ. ಇದನ್ನು ಖಂಡಿತ ಫಲಕದಲ್ಲಿ ಬರೆಯಿರಿ.

ಗದಗ ಗಾಳಿ

ಇದ್ದಲ್ಲೇ ಇರಲಿ ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ನಾನು ನೋಡಿದ್ದು ಬೇರೆ. ನಮ್ಮ ಕಡೆ ವೀರಗಲ್ಲುಗಳಿಗೆ ಬರ ಇಲ್ಲ, ಬೆಟಗೇರಿಯವು ಹೆಸರಾಂತವು. ಆದರೆ ಹಳ್ಳಿಗಳ ದಾರಿ ಬದಿಯ ಎಷ್ಟೋ ಕಲ್ಲುಗಳು ಕಣ್ಣೆದುರೇ ಹೋದವು. ಒಂದು ಹಳ್ಳದ ಮೋರಿಗೆ ಚಪ್ಪಡಿಯಾಯಿತು. ಇನ್ನೊಂದರ ಮೇಲೆ ಈಗಲೂ ಬಟ್ಟೆ ಒಗೆಯುತ್ತಾರೆ. ಮತ್ತೊಂದರ ಬುಡವನ್ನು ನಿಧಿ ಆಸೆಗೆ ರಾತ್ರಿ ಅಗೆದು ಕಲ್ಲನ್ನು ಎರಡು ತುಂಡು ಮಾಡಿ ಹೋದರು. ಇದ್ದ ಜಾಗದಲ್ಲಿ ಒಡೆದು ಬಿದ್ದ ಕಲ್ಲಿಗಿಂತ ಮ್ಯೂಸಿಯಂನಲ್ಲಿ ಗಟ್ಟಿಯಾಗಿ ನಿಂತ ಕಲ್ಲು ಎಷ್ಟೋ ವಾಸಿ.

ಹಲ್ಮಿಡಿ ಉದಾಹರಣೆ ನೋಡಿ. ಸುಮಾರು ಕ್ರಿ.ಶ. 450ರ ಕಲ್ಲು. 1936ರಲ್ಲಿ ಎಂ. ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಮೂಲ ಕಲ್ಲನ್ನು ಮೈಸೂರಿಗೆ ಒಯ್ದರು. ಊರಿನಲ್ಲಿ ಅದೇ ಅಳತೆಯ ಫೈಬರ್‌ಗ್ಲಾಸ್ ಪ್ರತಿಕೃತಿ ನಿಲ್ಲಿಸಿದ್ದಾರೆ. ಕಲ್ಲೂ ಉಳಿಯಿತು, ಊರಿಗೂ ಹೆಮ್ಮೆ ಉಳಿಯಿತು.

ಮಂಡ್ಯದ ಮಗಳು

ಹಲ್ಮಿಡಿಗೆ ಪ್ರತಿಕೃತಿ ಸಿಕ್ಕಿತು, ಅದು ಕನ್ನಡದ ಅಷ್ಟು ಹಳೆಯ ಶಾಸನ ಆದದ್ದರಿಂದ. ಎಲ್ಲ ಊರಿಗೂ ಅಂಥ ಅದೃಷ್ಟ ಎಲ್ಲಿದೆ?

ನಾನು ಮದ್ದೂರು ತಾಲ್ಲೂಕಿನ ಆತಕೂರು ಕಲ್ಲಿನ ಬಗ್ಗೆ ಹೇಳಬೇಕು. ಇಲ್ಲಿ ಗೊತ್ತಿಲ್ಲದವರು ಇದ್ದರೆ ದಯವಿಟ್ಟು ಪೂರ್ತಿ ಓದಿ. ಶಕ ವರ್ಷ 872 ಅಂತ ಅದರಲ್ಲೇ ಇದೆ, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು, ಚೋಳರ ರಾಜಾದಿತ್ಯ ಅಲ್ಲಿ ಸತ್ತ. ಅಷ್ಟು ದೊಡ್ಡ ಯುದ್ಧದ ಸುದ್ದಿ ಅದೇ ಕಲ್ಲಿನಲ್ಲಿದೆ. ಆದರೆ ಕಲ್ಲು ನಿಲ್ಲಿಸಿದ್ದು ಯಾರಿಗೆ? ಒಂದು ನಾಯಿಗೆ. ಬೂತುಗನ ಕಡೆಯ ಮಣಲೇರ ಅನ್ನುವವನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕು ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕಲ್ಲಿನ ಮೇಲೆ ಎರಡೂ ಮುಖಾಮುಖಿ ಕಚ್ಚಿ ಹಿಡಿದಿರುವ ಚಿತ್ರ ಇದೆ. ಕಲ್ಲನ್ನು ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಗಲುತ್ತದೆ ಅಂತ ಬರೆಸಿದ್ದಾರೆ.

ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೆನ್ನಾಗಿ ಇಟ್ಟಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಕಲ್ಲಿನ ಮುಂದೆ ನಿಂತು ಪೂಜೆ ಮಾಡಿಯೇ ಉಣ್ಣಬೇಕು ಅಂತ ಬರೆಸಿದವನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಆ ಗುಡಿಯ ಮುಂದಿನ ಜಾಗವನ್ನು. ಕಲ್ಲು ಬೇರೆ ಊರಲ್ಲಿ ನಿಂತಾಗ ಆ ಮಾತಿನ ಅರ್ಧ ಬಲ ಹೋಗುತ್ತದೆ. ಮಕ್ಕಳಿಗೆ ಆತಕೂರಲ್ಲೇ ನಿಲ್ಲಿಸಿ ಈ ಕಥೆ ಹೇಳಬೇಕು ಅಂತ ನನ್ನ ಆಸೆ.

ಬೆಂಗ್ಳೂರು ನಡಿಗೆ

ಮಂಡ್ಯದ ಮಗಳು ಅವರೇ, ಓದಿ ಮೈ ಜುಮ್ಮೆಂದಿತು.

ಇಲ್ಲಿ ಬೆಂಗಳೂರಿನಲ್ಲೂ ಇದೇ ಜಗ್ಗಾಟ. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಒಂದು ಸಣ್ಣ ಕಲ್ಲಿದೆ, ಸುಮಾರು ಕ್ರಿ.ಶ. 890ರದ್ದು. ಬೆಂಗಳೂರು ಕಾಳಗದಲ್ಲಿ ಸತ್ತವರ ನೆನಪಿಗೆ ಬರೆಸಿದ್ದು. ಬೆಂದ ಕಾಳಿನ ಕಥೆಯ ಬಲ್ಲಾಳರಾಯ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಬೆಂಗಳೂರು ಅನ್ನುವ ಊರು ಇತ್ತು ಅಂತ ಹೇಳುವುದು ಈ ಕಲ್ಲೇ. ಅದೇ ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಬೆಂಗಳೂರಿನ ಮ್ಯೂಸಿಯಂಗೆ ಹೋಗಿದೆ. ತುಂಬೆಪಾಡಿಯಲ್ಲಿ ನೊಳಂಬರ ಕಡೆಯವರ ಜೊತೆ ಕಾದಿದ ನಾಗತ್ತರನ ಕಲ್ಲು ಅದು. ಆನೆ, ಕುದುರೆ, ಬಿದ್ದ ಹೆಣಗಳನ್ನು ತಿನ್ನಲು ಬಂದ ಪ್ರಾಣಿ ಪಕ್ಷಿ, ಏನೆಲ್ಲ ಕೆತ್ತಿದ್ದಾರೆ. ಒಂದು ಊರಿನ ಎರಡು ಕಲ್ಲು, ಒಂದು ಅಲ್ಲೇ, ಒಂದು ಇಲ್ಲಿ. ಎರಡನ್ನೂ ನೋಡಿದ್ದೇನೆ. ಮ್ಯೂಸಿಯಂನಲ್ಲಿ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಬೇಗೂರಿನಲ್ಲಿ ನಿಂತಾಗ ಮಾತ್ರ, ಈ ನೆಲದವರೇ ಸತ್ತದ್ದು ಅಂತ ಎದೆಗೆ ತಟ್ಟುತ್ತದೆ.

ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲನ್ನೂ ಹೇಳಬೇಕು. ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲ. ಈಗ ಇತಿಹಾಸದ ಕೆಲಸ ಮಾಡುವ ಮಿಥಿಕ್ ಸೊಸೈಟಿ ಸಂಸ್ಥೆಯವರು ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರ ಸ್ಕ್ಯಾನ್‌ನಲ್ಲಿ ಎದ್ದು ಕಾಣುತ್ತದೆ. ಮುಂದೆ ಕಲ್ಲಿಗೇ ಏನಾದರೂ ಆದರೂ ಓದು ಉಳಿದಿರುತ್ತದೆ. ಗದಗ ಗಾಳಿ ಅವರ ಆತಂಕಕ್ಕೆ ಇದೂ ಒಂದು ಉತ್ತರ.

ಗದಗ ಗಾಳಿ

ಸ್ಕ್ಯಾನ್ ಆದರೆ ನಾನೂ ಒಪ್ಪುತ್ತೇನೆ. ಆದರೆ ಸ್ಕ್ಯಾನ್ ಮುಗಿಯುವ ತನಕ ಆ ಕಲ್ಲಿನ ಹತ್ತಿರ ಜೆಸಿಬಿ ಬರಬಾರದು. ಇದೊಂದು ಗ್ಯಾರಂಟಿ ಕೊಡುವವರು ಯಾರು?

ತಾಲ್ಲೂಕು ಕಚೇರಿ ಮೆಟ್ಟಿಲು

ಗ್ಯಾರಂಟಿ ಕೊಡಬೇಕಾದವರು ಊರವರೇ. ಕಾಗದದ ದಾರಿ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ನೀಲಿ ಬೋರ್ಡ್ ಇರುವ ಸ್ಮಾರಕಗಳು ಕೇಂದ್ರ ಪುರಾತತ್ವ ಇಲಾಖೆಯವು. ಅವುಗಳ ಸುತ್ತ 100 ಮೀಟರ್ ಏನೂ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಇದೆ. ಆದರೆ ದಾರಿ ಬದಿಯ ಬಹುಪಾಲು ವೀರಗಲ್ಲುಗಳು ಈ ಎರಡು ಪಟ್ಟಿಯಲ್ಲೂ ಇಲ್ಲ. ಯಾವ ಬೋರ್ಡೂ ಇಲ್ಲದ ಕಲ್ಲನ್ನು ಸರಿಸುವವನಿಗೆ ಭಯವೂ ಇರಲ್ಲ.

ಆದ್ದರಿಂದ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿಸಿ. ಕಲ್ಲು ಎಷ್ಟಿವೆ, ಎಲ್ಲಿವೆ, ಯಾವ ದಿಕ್ಕಿಗೆ ಮುಖ ಮಾಡಿವೆ, ಅಷ್ಟನ್ನೂ ಬರೆಸಿ. ಫೋಟೋ ಲಗತ್ತಿಸಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ರಸ್ತೆ ಕೆಲಸದ ಇಂಜಿನಿಯರಿಗೆ, ಒಂದು ರಾಜ್ಯ ಪುರಾತತ್ವ ಇಲಾಖೆಗೆ. ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಹೇಳಿದ ಮಾತು ಅಧಿಕಾರಿ ವರ್ಗ ಆದ ದಿನ ಹೋಗಿಬಿಡುತ್ತದೆ. ಮುದ್ರೆ ಹಾಕಿದ ಕಾಗದ ಕಡತದಲ್ಲಿ ಉಳಿಯುತ್ತದೆ.

ಸರಿಸಲೇಬೇಕು ಅಂತಾದರೆ ಇಲಾಖೆಯವರ ಎದುರೇ ಆಗಲಿ. ಜೆಸಿಬಿ ಬಕೆಟ್‌ನಲ್ಲಿ ಎತ್ತಬೇಡಿ. ಸುತ್ತ ಕೈಯಲ್ಲಿ ಮಣ್ಣು ಬಿಡಿಸಿ, ಗೋಣಿಚೀಲ ಸುತ್ತಿ, ಅಗಲ ಪಟ್ಟಿಯಲ್ಲಿ ಎತ್ತಬೇಕು. ಬುಡ ಸಿಮೆಂಟಿನಲ್ಲಿ ಹುಗಿಯಬಾರದು. ಎಷ್ಟೋ ಕಲ್ಲುಗಳ ಕೊನೆಯ ಸಾಲುಗಳು ಹೀಗೇ ಸಿಮೆಂಟಿನೊಳಗೆ ಮುಚ್ಚಿಹೋಗಿವೆ.

ಶಾಲೆ ಟೀಚರ್

ಇಷ್ಟು ಹೊತ್ತು ಎಲ್ಲರೂ ವೀರನ ಬಗ್ಗೆ ಮಾತಾಡಿದಿರಿ. ಅವನ ಪಕ್ಕದಲ್ಲಿ ಮಾಸ್ತಿಗಲ್ಲೂ ಇದೆ ಅಂದರಲ್ಲ ಕೆರೆಕೋಡಿ ಅವರು. ಫಲಕದಲ್ಲಿ ಅವಳ ಬಗ್ಗೆ ಏನು ಬರೆಯುತ್ತೀರಿ? ಈ ಪ್ರಶ್ನೆ ನನ್ನನ್ನು ತುಂಬಾ ಕಾಡುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಮೊದಲು ಕೇಳುವುದೇ ಅದನ್ನು. ಕಂಬದಿಂದ ಹೊರಗೆ ಬಂದ ತೋಳು, ಮೊಣಕೈ ಮಡಚಿ ಮೇಲೆತ್ತಿದ ಕೈ, ಅದರ ತುಂಬಾ ಬಳೆ. ಮಿಸ್, ಈ ಕೈ ಯಾಕೆ ಹೀಗಿದೆ ಅಂತಾರೆ.

ಕೆರೆಕೋಡಿ

ನಾವು ಪತಿಯ ಜೊತೆ ಸ್ವರ್ಗಕ್ಕೆ ಹೋದ ಮಹಾಸತಿ ಅಂತ ಬರೆಯೋಣ ಅಂದುಕೊಂಡಿದ್ದೆವು. ಊರಲ್ಲಿ ಹಾಗೇ ಹೇಳುತ್ತಾರೆ. ಹೆಣ್ಣುಮಕ್ಕಳು ಅರಿಶಿನ ಕುಂಕುಮ ಇಡುತ್ತಾರೆ.

ಶಾಲೆ ಟೀಚರ್

ಹಾಗೆ ಬರೆಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಸತಿಯನ್ನು ಕೊಂಡಾಡುವುದು 1987ರ ಕಾಯ್ದೆ ಪ್ರಕಾರ ಅಪರಾಧ, ಅದು ಒಂದು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹೆಂಗಸು ಬೆಂಕಿಯಲ್ಲಿ ಸತ್ತಳು ಅನ್ನುವುದನ್ನು ಮರೆಸುವ ಮಾತು ಮಕ್ಕಳ ಕಣ್ಣಿಗೆ ಬೀಳಬಾರದು.

ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನ ಇದೆ, ದೇಕಬ್ಬೆಯದು. ಅವಳ ಗಂಡ ಏಚನನ್ನು ರಾಜ ಕೊಲ್ಲಿಸಿದ. ಸುದ್ದಿ ಕೇಳಿ ಅವಳು ಬೆಂಕಿಗೆ ಬೀಳುತ್ತೇನೆ ಅಂದಳು. ಹೆತ್ತವರು ಬೇಡ ಬೇಡ ಅಂತ ಬೇಡಿಕೊಂಡರು. ಅವಳು ಕೇಳಲಿಲ್ಲ. ಕಲ್ಲು ಅವಳನ್ನು ಹೊಗಳುವುದಕ್ಕೇ ಬರೆಸಿದ್ದು, ನಿಜ. ಆದರೆ ಮಗಳನ್ನು ತಡೆಯಲು ನೋಡಿದ ಅಪ್ಪ ಅಮ್ಮನನ್ನೂ ಅದೇ ಕಲ್ಲು ಉಳಿಸಿದೆ. ಸಾವಿರ ವರ್ಷದ ಹಿಂದೆಯೂ ಇದನ್ನು ಒಪ್ಪದೆ ಅತ್ತವರಿದ್ದರು. ನಾನು ಕ್ಲಾಸಿನಲ್ಲಿ ಹೇಳುವುದು ಆ ಭಾಗವನ್ನು.

ನಿಮ್ಮ ಫಲಕಕ್ಕೆ ಒಂದೇ ಸಾಲು ಸಾಕು: ಗಂಡ ಸತ್ತ ಮೇಲೆ ಬೆಂಕಿಗೆ ಬಿದ್ದು ಸತ್ತ ಹೆಂಗಸಿನ ನೆನಪಿನ ಕಲ್ಲು. ಹೊಗಳಿಕೆ ಬೇಡ. ಬೈಗುಳವೂ ಬೇಡ.

ಮಂಡ್ಯದ ಮಗಳು

ಒಪ್ಪಿದೆ. ನೂರಕ್ಕೆ ನೂರು.

ಏರಿ ಮೇಲಿನ ಮನೆ

ಅರಿಶಿನ ಕುಂಕುಮ ಇಡುವ ನಮ್ಮ ಅಮ್ಮಂದಿರಿಗೆ ಇದು ನೋವಾಗುವುದಿಲ್ಲವೇ? ಅವರು ಆ ಹೆಂಗಸನ್ನು ತಾಯಿ ಅಂತ ನೋಡುತ್ತಾರೆ. ಬೆಂಕಿಗೆ ಬಿದ್ದಳು ಅಂತ ಪೂಜೆ ಮಾಡುವುದಲ್ಲ. ಮಕ್ಕಳಿಗೆ ಜ್ವರ ಬಂದರೆ ಅಲ್ಲಿ ಹರಕೆ ಹೊರುತ್ತಾರೆ.

ಶಾಲೆ ಟೀಚರ್

ಪೂಜೆ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಅವಳನ್ನು ತಾಯಿ ಅಂತ ನೋಡುವುದು ದೊಡ್ಡ ಮನಸ್ಸು. ಅದನ್ನೂ ಫಲಕದಲ್ಲಿ ಸೇರಿಸಿ: ಊರ ಹೆಂಗಸರು ಇಲ್ಲಿ ಮಕ್ಕಳಿಗಾಗಿ ಹರಕೆ ಹೊರುತ್ತಾರೆ. ಅದು ಇವತ್ತಿನ ಸತ್ಯ.

ಹಳೇ ಮೈಸೂರಿಗ

ಈ ಮಾತಿನಿಂದ ನನಗೆ ಇನ್ನೊಂದು ನೆನಪಾಯಿತು. ಫಲಕ ಯಾವತ್ತೂ ಯಾರೋ ಒಬ್ಬರ ಕಡೆಯಿಂದ ಮಾತಾಡುತ್ತದೆ. ಬೆಂಗಳೂರಿನ ಕೋಟೆಯ ಹತ್ತಿರ ಒಂದು ಹಳೇ ಕಲ್ಲು ಫಲಕ ಇದೆ, ಇಂಗ್ಲಿಷಿನಲ್ಲಿ. ಈ ಬಿರುಕಿನ ಮೂಲಕ 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿ ನಡೆಯಿತು ಅಂತ ಅಷ್ಟೇ. ಕೋಟೆ ಒಡೆದವರು ಹೇಳಿದ ಮಾತು ಅದು. ಒಳಗೆ ಹೋರಾಡುತ್ತಾ ಸತ್ತ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ಬಹಾದೂರ್ ಖಾನ್ ಆ ಸಾಲಿನಲ್ಲಿ ಇಲ್ಲ. ಅವನ ಜೊತೆ ಸತ್ತವರೂ ಇಲ್ಲ. ದಿನಾ ಸಾವಿರಾರು ಜನ ಅದರ ಮುಂದೆ ಓಡಾಡುತ್ತಾರೆ.

ಅದೇ ಶಿವಪುರಕ್ಕೆ ಬನ್ನಿ, ಬೆಂಗಳೂರು ಮೈಸೂರು ಹಳೇ ರಸ್ತೆಯಲ್ಲಿ ಮದ್ದೂರಿನ ಹತ್ತಿರ. 1938ರ ಏಪ್ರಿಲ್‌ನಲ್ಲಿ ನಿಷೇಧ ಇದ್ದರೂ ಧ್ವಜ ಹಾರಿಸಿದ ಜಾಗ. ಅಲ್ಲಿ ಸೌಧವೇ ಎದ್ದು ನಿಂತಿದೆ. ಅದೇ ತಿಂಗಳ 25ಕ್ಕೆ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ಅಲ್ಲೂ ಸ್ಮಾರಕ ಇದೆ. ಇವು ನಮ್ಮವರು ನಮ್ಮವರಿಗಾಗಿ ಕಟ್ಟಿದವು.

ನಿಮ್ಮ ತಾಲ್ಲೂಕಿನದೇ ಈಸೂರು ಇದೆಯಲ್ಲ ಕೆರೆಕೋಡಿ ಅವರೇ. 1942ರಲ್ಲಿ ತಮ್ಮದೇ ಸರ್ಕಾರ ಅಂತ ಸಾರಿ, ಮರುವರ್ಷ ಐದು ಜನ ಗಲ್ಲಿಗೇರಿದ ಊರು. ಈಸೂರಿನವರಿಗೆ ತಮ್ಮ ಕಥೆ ಬಾಯಿಪಾಠ. ಅದಕ್ಕೆ ಕಾರಣ ಅದು ನೋಡಿದವರ ಬಾಯಿಂದ ಬಂದದ್ದು. ಸಾವಿರ ವರ್ಷದ ಹಿಂದಿನ ದನಗಾಹಿಗೆ ಅಂಥ ಬಾಯಿ ಉಳಿದಿಲ್ಲ. ಅವನಿಗೆ ಉಳಿದಿರುವುದು ಕಲ್ಲು ಒಂದೇ. ಅದಕ್ಕೇ ಫಲಕ ಅವನಿಗೆ ಇನ್ನೂ ಹೆಚ್ಚು ಬೇಕು.

ಬೆಂಗ್ಳೂರು ನಡಿಗೆ

> ಅವನಿಗೆ ಉಳಿದಿರುವುದು ಕಲ್ಲು ಒಂದೇ

ಸರಿಯಾಗಿ ಹೇಳಿದಿರಿ. ರಾಜರ ಕಥೆಗೆ ತಾಮ್ರಪಟ ಇದೆ, ಕಾವ್ಯ ಇದೆ, ಪಠ್ಯಪುಸ್ತಕ ಇದೆ. ಊರಿನ ದನ ಬಿಡಿಸಲು ಓಡಿದವನಿಗೆ ಇದ್ದದ್ದು ಇದೊಂದೇ ಜಾಗ.

ಕೆರೆಕೋಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ನಡುವೆ ಆದದ್ದು ಹೇಳುತ್ತೇನೆ.

ಶಾಸನದ ಹುಚ್ಚು ಅವರು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ರಾತ್ರಿ ಟಾರ್ಚ್ ಹಿಡಿದು ನೋಡಿದೆವು. ಬೆಳಕನ್ನು ಎದುರಿನಿಂದ ಬಿಡಬಾರದು, ಕಲ್ಲಿಗೆ ತಾಗಿಸಿದ ಹಾಗೆ ಪಕ್ಕದಿಂದ ಬಿಡಬೇಕು. ಹಗಲಲ್ಲಿ ಬರೀ ಒರಟು ಕಲ್ಲು ಅನ್ನಿಸಿದ ಕಡೆ ಅಕ್ಷರ ಒಂದೊಂದಾಗಿ ಎದ್ದು ಬಂತು. ನಮ್ಮಲ್ಲಿ ಒಬ್ಬ ಟಾರ್ಚ್ ಸರಿಸುತ್ತಾ ಹೋದ, ಒಬ್ಬ ಫೋಟೋ ತೆಗೆಯುತ್ತಾ ಹೋದ. ನೋಡಲು ಬಂದಿದ್ದ ಹಿರಿಯರು ಚಪ್ಪಲಿ ಬಿಟ್ಟು ನಿಂತರು.

ಫೋಟೋ ನೋಡಿ ಶಾಸನದ ಹುಚ್ಚು ಅವರು ಓದಿದ್ದು: ಮೊದಲ ಸಾಲು ಪೂರ್ತಿ ಹೋಗಿದೆ. ಎರಡನೆಯದರಲ್ಲಿ ತುರುವಂ ಮಗುಳ್ಚಿ ಅಂತ ಇದೆ, ದನಗಳನ್ನು ಮರಳಿ ತಂದು ಅಂತ. ಕೊನೆಯಲ್ಲಿ ಸುರಲೋಕ ಅನ್ನುವಷ್ಟು ಕಾಣುತ್ತದೆ. ಹೆಸರು ಇರಬೇಕಾದ ಜಾಗದಲ್ಲೇ ಕಲ್ಲು ಚಕ್ಕೆ ಎದ್ದಿದೆ. ರಾಜನ ಹೆಸರೂ ಇಲ್ಲ, ವರ್ಷವೂ ಇಲ್ಲ.

ಹೆಸರು ಸಿಗದೆ ಊರವರಿಗೆ ಬೇಜಾರಾಗಿದೆ. ವೀರಪ್ಪ ಅಂತಲೇ ಬರೆಯಿರಿ, ಪಕ್ಕದ ಊರಿನ ಪಾಳೇಗಾರನ ಮಗ ಅಂತ ಸೇರಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ?

ಶಾಸನದ ಹುಚ್ಚು

ಪಾಳೇಗಾರನ ಮಗ ಅಂತ ಖಂಡಿತ ಬೇಡ. ಇವತ್ತು ನೀವು ಬರೆದದ್ದನ್ನು ಹತ್ತು ವರ್ಷ ಕಳೆದ ಮೇಲೆ ಇನ್ನೊಬ್ಬರು ಪುಸ್ತಕಕ್ಕೆ ಹಾಕುತ್ತಾರೆ. ಅಲ್ಲಿಂದ ಅದು ಇತಿಹಾಸ ಆಗಿಬಿಡುತ್ತದೆ.

ನನ್ನ ಸಲಹೆ ಇದು. ಕಲ್ಲು ಹೇಳುವುದು ಬೇರೆ, ಊರು ಹೇಳುವುದು ಬೇರೆ. ಎರಡನ್ನೂ ಬರೆಯಿರಿ, ಬೆರೆಸಬೇಡಿ. ಮೇಲೆ ಕಲ್ಲಿನ ಮಾತು. ಕೆಳಗೆ, ಊರವರು ಇವನನ್ನು ವೀರಪ್ಪ ಅಂತ ಕರೆಯುತ್ತಾರೆ ಅಂತ ಊರಿನ ಮಾತು. ಎರಡಕ್ಕೂ ಮರ್ಯಾದೆ ಇದೆ. ಹೆಸರು ಸವೆದಿದೆ ಅಂತ ಬರೆಯುವುದರಲ್ಲಿ ಅವಮಾನ ಏನಿಲ್ಲ. ಅದನ್ನು ಓದಿದವರು ಇನ್ನೊಂದು ಸಲ ಕಲ್ಲಿನ ಕಡೆ ನೋಡುತ್ತಾರೆ.

ಕಾಲವನ್ನೂ ಅಂದಾಜಿಗೆ ಬರೆಯಬೇಡಿ. ಶಕ ವರ್ಷ ಇದ್ದಿದ್ದರೆ 78 ಕೂಡಿಸಿ ಹೇಳಬಹುದಿತ್ತು. ಬರೀ ಸಂವತ್ಸರದ ಹೆಸರಿದ್ದರೂ ಕಷ್ಟವೇ, ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ನಿಮ್ಮದರಲ್ಲಿ ಎರಡೂ ಇಲ್ಲ. ಅಕ್ಷರದ ಬಗೆ ನೋಡಿ ಶತಮಾನ ಹೇಳುವವರು ಇದ್ದಾರೆ. ಅವರು ಬಂದು ಕಲ್ಲು ನೋಡಲಿ. ಆಮೇಲೆ ಒಂದು ಸಾಲು ಸೇರಿಸಿಕೊಳ್ಳಿ. ಅದಕ್ಕೆ ಜಾಗ ಬಿಟ್ಟಿರಿ.

ಗದಗ ಗಾಳಿ

ಎಣ್ಣೆ ಬಗ್ಗೆ ಯಾರೂ ಹೇಳಲಿಲ್ಲ. ಎಣ್ಣೆ ಕುಡಿದ ಕಲ್ಲಿನ ಮೇಲೆ ಧೂಳು ಕೂತು ಅಕ್ಷರದ ಗುಂಡಿ ತುಂಬಿಕೊಳ್ಳುತ್ತದೆ. ಇನ್ನು ಆ ಕೆಂಪು ಬಾಣ. ಅದನ್ನು ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ, ಆಸಿಡ್ ಹಾಕಬೇಡಿ. ಬಣ್ಣದ ಜೊತೆ ಕೆತ್ತನೆಯೂ ಹೋಗುತ್ತದೆ. ಇಲಾಖೆಯವರು ಬರುವ ತನಕ ಹಾಗೇ ಇರಲಿ. ಓದುವುದಕ್ಕೆ ಅಂತ ಸುಣ್ಣ, ಬಣ್ಣದ ಪುಡಿ ತುಂಬುವುದೂ ಬೇಡ.

ಏರಿ ಮೇಲಿನ ಮನೆ

ನಮ್ಮ ಮನೆ ಆ ಕಲ್ಲಿಗೆ ಎದುರೇ ಇದೆ. ಎಣ್ಣೆ ವಿಷಯ ನಾನು ಮನೆಯಲ್ಲಿ ಕೇಳಿದೆ. ಅಜ್ಜಿ ಒಪ್ಪಿದ್ದಾರೆ. ಕಲ್ಲಿನ ಮುಂದೆ ಒಂದು ಸಣ್ಣ ಪೀಠ ಇಟ್ಟು, ದೀಪ, ಹೂವು, ಎಣ್ಣೆ ಎಲ್ಲ ಅದರ ಮೇಲೆ. ಕಲ್ಲಿಗೆ ನೀರು ಮಾತ್ರ. ವೀರಪ್ಪನಿಗೆ ಕಣ್ಣು ಕಿವಿ ಉಳಿಯಬೇಕಾದರೆ ಹಾಗೇ ಮಾಡೋಣ ಅಂದರು.

ಮಂಡ್ಯದ ಮಗಳು

ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಕೆರೆಕೋಡಿ

ಗ್ರಾಮಸಭೆ ಆಯಿತು. ಠರಾವು ಆಗಿದೆ, ಮೂರು ಕಡೆ ಕೊಟ್ಟು ಸ್ವೀಕೃತಿ ತಗೊಂಡಿದ್ದೇವೆ. ಇಂಜಿನಿಯರ್ ಸ್ಥಳಕ್ಕೆ ಬಂದು ನೋಡಿದರು. ಚರಂಡಿಯನ್ನು ಕಲ್ಲಿನ ಹಿಂದಿನಿಂದ ತಿರುಗಿಸಬಹುದು, ನಕ್ಷೆ ತಿದ್ದಿ ಕಳಿಸುತ್ತೇನೆ ಅಂದಿದ್ದಾರೆ. ಮೇಲಿನಿಂದ ಒಪ್ಪಿಗೆ ಬರಬೇಕು. ಅಲ್ಲಿಯವರೆಗೆ ಕಲ್ಲಿನ ಸುತ್ತ ನಾವೇ ಮರದ ಗೂಟ ಹೊಡೆದು ಹಗ್ಗ ಕಟ್ಟಿದ್ದೇವೆ.

ಫಲಕದ ಕರಡು ಕೆಳಗಿದೆ. ತಿದ್ದಿ ಕೊಡಿ.

> ವೀರಗಲ್ಲು ಮತ್ತು ಮಾಸ್ತಿಗಲ್ಲು
>
> ಊರಿನ ದನಗಳನ್ನು ಹೊಡೆದುಕೊಂಡು ಹೋದವರನ್ನು ಎದುರಿಸಿ, ದನಗಳನ್ನು ಮರಳಿ ತಂದು, ಆ ಕಾಳಗದಲ್ಲಿ ಸತ್ತ ಒಬ್ಬನ ನೆನಪಿಗೆ ದೊಡ್ಡ ಕಲ್ಲನ್ನು ನಿಲ್ಲಿಸಿದ್ದಾರೆ. ಅವನ ಹೆಸರು ಬರೆದಿದ್ದ ಜಾಗ ಸವೆದುಹೋಗಿದೆ. ಕೆಳಗಿನ ಪಟ್ಟಿಯಲ್ಲಿ ಅವನು ಬಿಲ್ಲು ಹಿಡಿದು ನಿಂತಿದ್ದಾನೆ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವನ ಮುಂದೆ ಕೂತಿದ್ದಾನೆ.
>
> ಚಿಕ್ಕ ವೀರಗಲ್ಲಿನಲ್ಲಿ ಬರಹ ಇಲ್ಲ.
>
> ತೋಳಿನ ಚಿತ್ರ ಇರುವುದು ಮಾಸ್ತಿಗಲ್ಲು. ಗಂಡ ಸತ್ತ ಮೇಲೆ ಬೆಂಕಿಗೆ ಬಿದ್ದು ಸತ್ತ ಹೆಂಗಸಿನ ನೆನಪಿನ ಕಲ್ಲು.
>
> ಊರವರು ದೊಡ್ಡ ಕಲ್ಲನ್ನು ವೀರಪ್ಪ ಎಂದು ಕರೆಯುತ್ತಾರೆ. ದೀಪಾವಳಿಯಲ್ಲಿ ದನಗಳನ್ನು ಇದರ ಮುಂದೆ ಹಾಯಿಸುತ್ತಾರೆ. ಊರ ಹೆಂಗಸರು ಮಾಸ್ತಿಗಲ್ಲಿನ ಮುಂದೆ ಮಕ್ಕಳಿಗಾಗಿ ಹರಕೆ ಹೊರುತ್ತಾರೆ.
>
> ಕಲ್ಲಿಗೆ ಎಣ್ಣೆ, ಬಣ್ಣ ಹಚ್ಚಬೇಡಿ.

ತಾಲ್ಲೂಕು ಕಚೇರಿ ಮೆಟ್ಟಿಲು

ಕೊನೆಯಲ್ಲಿ ಗ್ರಾಮಸಭೆಯ ಠರಾವಿನ ದಿನಾಂಕ ಹಾಕಿ. ಫಲಕ ನೋಡಿದ ಯಾವ ಅಧಿಕಾರಿಗೂ ಇದು ಕಡತದಲ್ಲಿರುವ ಕಲ್ಲು ಅಂತ ಗೊತ್ತಾಗಲಿ. ದಾನಿಗಳ ಪಟ್ಟಿ ಬೇಡ. ಕೆಲವು ಕಡೆ ಫಲಕದ ಮುಕ್ಕಾಲು ಭಾಗ ಅದೇ ಇರುತ್ತದೆ.

ಶಾಲೆ ಟೀಚರ್

ಮಕ್ಕಳ ಕಣ್ಣಿನ ಎತ್ತರಕ್ಕೆ ಇರಲಿ. ಅಕ್ಷರ ದಪ್ಪ ಇರಲಿ. ಫಲಕಕ್ಕೆ ಬೇರೆ ಕಂಬ ನೆಡಿ, ಕಲ್ಲಿಗೆ ಒರಗಿಸಬೇಡಿ, ಮರಕ್ಕೆ ಮೊಳೆ ಹೊಡೆಯಬೇಡಿ. ಓದುತ್ತಾ ನಿಂತವರು ರಸ್ತೆಯ ಮೇಲೆ ನಿಲ್ಲುವ ಹಾಗೆ ಆಗಬಾರದು, ಅದನ್ನು ಮುಖ್ಯವಾಗಿ ನೋಡಿಕೊಳ್ಳಿ.

ಶಾಸನದ ಹುಚ್ಚು

ಒಂದೇ ತಿದ್ದುಪಡಿ. ಕೆಳಗಿನ ಪಟ್ಟಿಯ ಸಾಲಿನಲ್ಲಿ ದನಗಳನ್ನೇ ಬಿಟ್ಟಿದ್ದೀರಿ. ಎಡಗಡೆ ಮೂಲೆಯಲ್ಲಿ ಮೂರು ದನಗಳ ತಲೆ ಕಾಣುತ್ತವೆ, ನೋಡಿ ಅಂತ ಸೇರಿಸಿ. ಹುಡುಕಿ ನೋಡಲು ಒಂದು ಗುರುತು ಕೊಟ್ಟರೆ ಜನ ಬಗ್ಗಿ ನೋಡುತ್ತಾರೆ.

ಕೆರೆಕೋಡಿ

ಸೇರಿಸಿದೆ. ಠರಾವಿನ ದಿನಾಂಕವನ್ನೂ ಹಾಕಿದೆ. ಬುಧವಾರ ಬರೆಯಲು ಕೊಡುತ್ತೇವೆ. ಅಷ್ಟರೊಳಗೆ ಇನ್ನೇನಾದರೂ ಇದ್ದರೆ ಹೇಳಿ.